ಮಂಗಳಕ್ಕೆ ಹೊರಟವನ ಮುಯ್ಯಿ ಊಟ

ತಮಿಳು ಸೀಮೆಯ ಗಡಿಯೂರು ಮತ್ತಿಗಿರಿಯ ಮುನಿರಾಜ ಈ ಭೂಮಿಯನ್ನೇ ಬಿಟ್ಟು ಹೋಗಬೇಕೆಂದು ತೀರ್ಮಾನ ಮಾಡಿದ್ದು ಒಂದು ಗ್ಯಾಸ್ ಸಿಲಿಂಡರಿನ ದೆಸೆಯಿಂದ.

ಅವತ್ತು ಮೊದಲ ಶಿಫ್ಟು ಮುಗಿಸಿ, ಮೂಕಂಡಪಲ್ಲಿಯ ಕಾರ್ಖಾನೆಯಿಂದ ಹಸಿದು ಮನೆಗೆ ಬಂದ. ಟೀವಿಯ ರಿಮೋಟು ಪಿಳ್ಳಮ್ಮನ ಕೈಲಿತ್ತು, ಫ್ಯಾನಿನ ಗಾಳಿ ಪಿಳ್ಳಮ್ಮನ ಮೇಲಿತ್ತು, ಬಸ್ಸಾರಿನ ಪಾತ್ರೆಯಲ್ಲಿ ತಳ ಕಾಣುತ್ತಿತ್ತು. ಪಿಳ್ಳಮ್ಮ ಎಂದರೆ ಮುನಿರಾಜನ ಅತ್ತೆ. ಅತ್ತೆಯ ಮೇಲೆ ಅಕ್ಕನ ಹತ್ತಿರ ದೂರು ಹೇಳೋಣವೆಂದರೆ ಅಕ್ಕನೂ ಅವಳೇ! (ನಮ್ಮ ಕಡೆ ಅಕ್ಕನ ಮಗಳನ್ನು ತಂದುಕೊಳ್ಳುವುದು ಹಳೆಯ ವಾಡಿಕೆ. ಇದರಲ್ಲಿರುವ ಒಂದೇ ತೊಂದರೆಯೆಂದರೆ, ಜಗಳವಾಡಿಕೊಂಡು ಹೋಗಿ ಕೂರುವುದಕ್ಕೆ ಬೇರೆ ಮನೆಯೇ ಇರುವುದಿಲ್ಲ.) ಹೆಂಡತಿ ಚಂದ್ರಲೇಖಾ ಮದುವೆಗೆ ಮುಂಚೆ ಅವನನ್ನು ‘ಮಾವ’ ಎನ್ನುತ್ತಿದ್ದಳು, ಈಗಲೂ ‘ಮಾವ’ ಎನ್ನುತ್ತಾಳೆ. ಇಷ್ಟು ವರ್ಷ ಸಂಸಾರ ಮಾಡಿದರೂ ಪಾಪ, ಅವನಿಗೆ ಬಡ್ತಿ ಸಿಕ್ಕಿಲ್ಲ.

“ನಾಳೆಯಿಂದ ನಾನು ಈ ಮನೇಲಿ ಇಲ್ಲ ಅಂದ್ರೆ ನಿಮಗೆ ಗೊತ್ತಾದ್ರೂ ಆಯ್ತದಾ?” ಎಂದು ಮುನಿರಾಜ ಗುಡುಗಿದ.

ಚಂದ್ರಲೇಖಾ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿ ಪ್ರಾಮಾಣಿಕವಾಗಿ ಯೋಚಿಸಿದಳು. “ಆಯ್ತದೆ ಮಾವ. ಗ್ಯಾಸ್ ಸಿಲಿಂಡರ್ ಬದಲಾಯ್ಸೋವಾಗ ಗೊತ್ತಾಯ್ತದೆ.”

“ಅಷ್ಟೇನಾ?”

“ಮೊನ್ನೆ ತಾನೆ ಹೊಸದು ಹಾಕಿದೀಯಲ್ಲ, ಇನ್ನೂ ಒಂದು ತಿಂಗಳು ಬತ್ತದೆ ಬಿಡು.”

ಹೆಸರಿಗೆ ತಕ್ಕಂತೆ ಮುನಿಸಿನಲ್ಲೂ ರಾಜನೇ ಆದ ಮುನಿರಾಜ ಚಪ್ಪಲಿ ಮೆಟ್ಟಿಕೊಂಡು ಬಾಗಿಲಿಗೆ ಬಂದು, “ನಾನು ಹೋಯ್ತೀನಿ!” ಎಂದ. ಪಿಳ್ಳಮ್ಮ ತಮಿಳು ಸೀರಿಯಲ್ಲಿನಿಂದ ಕಣ್ಣು ಕೀಳದೆ, “ಹೋಯ್ತೀನಿ ಅನ್ಬಾರ್ದು ಕಣ್ಲಾ, ಹೊಸ್ತಿಲಲ್ಲಿ ನಿಂತು ಅದೇನ್ ಅಪಶಕುನ? ಹೋಗಿಬತ್ತೀನಿ ಅನ್ನು” ಎಂದಳು. ಮುನಿರಾಜ ಅನ್ನಲಿಲ್ಲ. ಹೋದರೆ ಬರಲಾಗದ ಜಾಗಕ್ಕೇ ಹೋಗುತ್ತೇನೆ ಎಂದು ಅಲ್ಲೇ ಹಲ್ಲು ಕಡಿದ.

ಅಂಥ ಜಾಗ ಒಂದಿದೆಯೆಂದು ತೋರಿಸಿಕೊಟ್ಟವನು ಬೀರೇಶ. ಇವನು ಅದೇ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಿಸುವ ವಿಭಾಗದವನು. ಕೆಲಸದ ವೇಳೆಯಲ್ಲಿ ಬೋಲ್ಟುಗಳನ್ನು ಅಳೆಯುತ್ತಾನೆ, ಊಟದ ವೇಳೆಯಲ್ಲಿ ಕ್ರಿಪ್ಟೋ ಬಗ್ಗೆ ಪ್ರವಚನ ಮಾಡುತ್ತಾನೆ. ಯಾವುದೋ ವಿದೇಶಿ ಕಂಪನಿಯವರು ಮಂಗಳ ಗ್ರಹಕ್ಕೆ ಜನರನ್ನು ಕರೆದೊಯ್ಯುತ್ತಾರಂತೆ, ಹೋಗುವುದು ಮಾತ್ರವಂತೆ, ಬರುವುದು ಇಲ್ಲವಂತೆ ಎಂದು ಮೊಬೈಲಿನಲ್ಲಿ ವಿಡಿಯೋ ತೋರಿಸಿದ. ಸೀಟು ಕಾದಿರಿಸುವುದಕ್ಕೆ ಬೇಕಾದ ಮೊತ್ತ ಕೇಳಿ ಮುನಿರಾಜನ ಕೈಯಲ್ಲಿದ್ದ ವಡೆ ಸಾಂಬಾರಿಗೆ ಬಿತ್ತು.

“ನಿನ್ನ ದುಡ್ಡು ಯಾಕಣ್ಣ? ಕ್ರೌಡ್ ಫಂಡಿಂಗ್ ಮಾಡಾಣ” ಎಂದ ಬೀರೇಶ. “ನಿನ್ನ ಹೆಸ್ರಲ್ಲೇ ಒಂದು ಕಾಯಿನ್ ಬಿಡ್ತೀನಿ. ಜನ ಕಾಯಿನ್ ತಗಂತಾರೆ, ನೀನು ರಾಕೆಟ್ ಹತ್ತೀಯ, ರಾಕೆಟ್ ಮ್ಯಾಕ್ಕೆ ಹೋದಂಗೆ ಕಾಯಿನ್ ರೇಟೂ ಮ್ಯಾಕ್ಕೋಯ್ತದೆ.”

ಹೀಗೆ ‘ಅಂಗಾರಕ ಕಾಯಿನ್’ ಅವತರಿಸಿತು. (ಕ್ರಿಪ್ಟೋ ಎಂದರೇನೆಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ: ಕಣ್ಣಿಗೆ ಕಾಣದ, ಕೈಗೆ ಸಿಗದ, ಆದರೂ ಇದೆಯೆಂದೇ ನಂಬಬೇಕಾದ ದುಡ್ಡು. ತಿಂಗಳ ಕೊನೆಯಲ್ಲಿ ನಮ್ಮ ಸಂಬಳ ಇರುತ್ತದಲ್ಲ, ಹಾಗೆ.)

ಒಳಗಿನ ಮಾತೊಂದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಮುನಿರಾಜನಿಗೆ ಮಂಗಳವೂ ಬೇಕಿರಲಿಲ್ಲ, ಬುಧವೂ ಬೇಕಿರಲಿಲ್ಲ. ಚಂದ್ರಲೇಖಾ ಕಣ್ಣಲ್ಲಿ ನೀರು ತುಂಬಿಕೊಂಡು, ಸೆರಗು ಬಾಯಿಗೊತ್ತಿಕೊಂಡು, ‘ಹೋಗ್ಬೇಡ ಮಾವ’ ಎನ್ನಬೇಕಿತ್ತು. ಒಂದೇ ಒಂದು ಸಲ ಅಂದರೂ ಸಾಕು, ಆ ಕ್ಷಣವೇ ಮಂಗಳನನ್ನು ಅವನ ಪಾಡಿಗೆ ಬಿಟ್ಟು ಮುದ್ದೆಗೆ ಕೂರಲು ಸಿದ್ಧನಿದ್ದ. ಅನ್ನುತ್ತಾಳೆ ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಭಾನುವಾರ ಊಟಕ್ಕೆ ಕುಳಿತಾಗ ಗಂಟಲು ಸರಿಮಾಡಿಕೊಂಡು ಘೋಷಿಸಿದ. “ನಾನು ಮಂಗಳ ಗ್ರಹಕ್ಕೆ ಹೋಯ್ತಾ ಇದೀನಿ. ವಾಪಸ್ ಬರೋದಿಲ್ಲ.”

“ಸೆವ್ವಾಯಿಗಾ?” ಎಂದಳು ಪಿಳ್ಳಮ್ಮ, ಜಾತಕದಲ್ಲಿ ಕೇಳಿದ್ದ ತಮಿಳು ಹೆಸರು ಹಿಡಿದು. “ಇವಳ ಜಾತಕದಲ್ಲಿ ಸೆವ್ವಾಯಿ ದೋಷ ಅಂತ ಎಷ್ಟು ದೇವಸ್ಥಾನ ಸುತ್ತಿಸ್ದೆ ನಾನು. ಈಗ ನೋಡಿದ್ರೆ ನೀನೇ ಅವನ ಮನೇಗ್ ಹೊಂಟಿದೀಯ. ಅಲ್ಲಿ ನೀರೈತೇನ್ಲಾ?”

“ನೆಲದೊಳಗೆ ಹಿಮ ಐತೆ ಅಂತಾರೆ.”

“ಬೋರು ಹಾಕಿಸ್ಬೇಕಾಯ್ತದೆ. ನಮ್ಮ ಸೂಳಗಿರಿ ಕಡೇನೇ ಸಾವಿರ ಅಡಿ ಕೊರೆದ್ರೂ ಧೂಳೇ ಬತ್ತದೆ, ಅಲ್ಲೆಷ್ಟು ಕೊರೀಬೇಕೋ ಏನೋ.”

ಮುನಿರಾಜ ಹೆಂಡತಿಯ ಕಣ್ಣನ್ನೇ ನೋಡಿದ. ನೀರು ಬರಬೇಕಾಗಿದ್ದ ಜಾಗದಲ್ಲಿ ಲೆಕ್ಕಾಚಾರ ಬಂದಿತ್ತು.

“ಮಹಡಿ ಮೇಲೆ ಎರಡು ರೂಮು ಕಟ್ಟು, ಕಂಪನಿ ಹುಡುಗ್ರಿಗೆ ಬಾಡಿಗೆಗೆ ಬಿಡಾಣ ಅಂತ ಎಷ್ಟು ವರ್ಷದಿಂದ ಬಡ್ಕೊಂತಾ ಇದೀನಿ ಮಾವ? ದುಡ್ಡಿಲ್ಲ ಅಂತೀಯ. ಮಂಗಳಕ್ಕೆ ಹೋಗಕ್ಕೆ ದುಡ್ಡು ಎಲ್ಲಿಂದ ಬತ್ತದೆ?”

“ಜನ ಕೊಡ್ತಾರೆ.”

“ಜನ ಸುಮ್‌ಸುಮ್ನೆ ಕೊಡ್ತಾರಾ?” ಎಂದು ಕೇಳಿ, ಬೆರಳು ಮಡಿಸಿ ಏನೋ ಎಣಿಸಿ, “ಸರಿ ಹೋಗು ಮಾವ. ಹುರಿಟ್ಟು ಎಷ್ಟು ಕಟ್ಲಿ? ಚಟ್ನಿಪುಡಿ ಜಾಸ್ತೀನೇ ಹಾಕ್ತೀನಿ, ಅಲ್ಲಿ ಅಂಗಡಿ ಇರಕ್ಕಿಲ್ಲ” ಎಂದಳು.

ಮುನಿರಾಜ ಮುರಿದ ಮುದ್ದೆಯನ್ನು ತಟ್ಟೆಗೇ ವಾಪಸ್ ಇಟ್ಟ. ಆದರೂ ಎದೆಗುಂದಲಿಲ್ಲ. ದುಡ್ಡು ಬೀಳಲು ಶುರುವಾದ ಮೇಲೆ ಹೇಗೂ ಅಳುತ್ತಾಳೆ ಎಂದುಕೊಂಡ.

ದುಡ್ಡು ಬೀಳಲಿಲ್ಲ. ಅಂಗಾರಕ ಕಾಯಿನ್ನನ್ನು ಕೊಂಡ ಮೊದಲಿಗ ಬೀರೇಶನೇ. ಎರಡನೆಯವನು ಅದೇ ಕಾರ್ಖಾನೆಯ ವೇಣು, ಮಧ್ಯಾಹ್ನ ಕೊಂಡು ಸಂಜೆ ದುಡ್ಡು ವಾಪಸ್ ಕೇಳಿದ. ಮಿಕ್ಕವರು ವ್ಯಾಲೆಟ್ಟು, ಪಾಸ್‌ವರ್ಡು ಎಂದ ಕೂಡಲೇ, “ಆಮೇಲೆ ನೋಡಾಣ ಬಿಡಣ್ಣ” ಎಂದು ಟೀ ಕುಡಿಯಲು ಹೋದರು. ಮುನಿರಾಜನ ಮಂಗಳಯಾನ ಮತ್ತಿಗಿರಿಯ ಬಸ್‌ಸ್ಟಾಪನ್ನೂ ದಾಟುವಂತೆ ಕಾಣಲಿಲ್ಲ.

ಜಗುಲಿಯ ಮೇಲೆ ಪೆಚ್ಚುಮೋರೆ ಹಾಕಿಕೊಂಡು ಕುಳಿತಿದ್ದ ತಮ್ಮನನ್ನು ನೋಡಿ ಪಿಳ್ಳಮ್ಮನಿಗೆ ಕರುಳು ಚುರುಕ್ಕೆಂದಿತು. (ಅತ್ತೆಯಾಗಿ ಅಲ್ಲ, ಅಕ್ಕನಾಗಿ.) “ಏನ್ಲಾ ಅದು ನಿನ್ನ ಕ್ರೌಡು ಗೀಡು? ಬಿಡಿಸಿ ಹೇಳು.”

“ಒಬ್ಬನಿಗೆ ದೊಡ್ಡ ಖರ್ಚು ಬತ್ತದೆ ಕಣಕ್ಕ. ಊರ ಜನ ಎಲ್ಲಾ ಕೈಲಾದಷ್ಟು ಹಾಕಿ ಅವನ ಕೆಲಸ ನಡೆಸ್ಕೊಡ್ತಾರೆ.”

ಪಿಳ್ಳಮ್ಮ ಹಣೆ ಚಚ್ಚಿಕೊಂಡಳು. “ಅಯ್ಯೋ ನಿನ್ನ! ಅದು ಮುಯ್ಯಿ ಕಣ್ಲಾ! ಅಂಗೈಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಊರೆಲ್ಲಾ ಅಲೆದ ಅಂದಂಗಾಯ್ತು. ಒಂದು ಮುಯ್ಯಿ ಊಟ ಹಾಕು, ಹೆಂಗ್ ಬೀಳ್ತದೆ ನೋಡು. ನಾನು ಮೂವತ್ತು ವರ್ಷದಿಂದ ಊರೂರಿಗೆ ಹಾಕಿರೋ ಮುಯ್ಯಿ ವಾಪಸ್ ಬರೋದು ಹಂಗೇ ಐತೆ.”

ಆಮೇಲೆ ಮನೆಯ ಹೆಂಗಸರು ಕಾರ್ಯಭಾರವನ್ನು ಕೈಗೆ ತೆಗೆದುಕೊಂಡರು. ಸೂಳಗಿರಿಯಲ್ಲಿ ಮಂಟಪ ಹಿಡಿದದ್ದು, ಮಟನ್ ಸಾರಿಗೆ ಅಡುಗೆಯವರನ್ನು ಗೊತ್ತುಮಾಡಿದ್ದು, ಬಂಧುಗಳಿಗೆಲ್ಲ ಫೋನು ಹಚ್ಚಿದ್ದು ಎಲ್ಲವೂ ಚಂದ್ರಲೇಖಾಳ ಕೆಲಸ. ಅಷ್ಟು ಉತ್ಸಾಹ ಅವಳ ಮದುವೆಯ ದಿನವೂ ಅವಳಲ್ಲಿ ಕಂಡಿರಲಿಲ್ಲ ಎಂದು ಮುನಿರಾಜನಿಗೆ ಒಳಗೇ ಉರಿಯಿತು.

ಮಂಟಪದ ಬಾಗಿಲಲ್ಲಿ ದೊಡ್ಡ ಫ್ಲೆಕ್ಸು ನಿಂತಿತು. ಗಗನಯಾತ್ರಿಯ ದೇಹಕ್ಕೆ ಮುನಿರಾಜನ ಮೀಸೆಯ ಮುಖ ಅಂಟಿಸಿ, ಹಿಂದೆ ಕೆಂಪು ಗ್ರಹ, ಎರಡು ಮೂಲೆಗೂ ಎರಡು ಗಿಳಿ. (ಫ್ಲೆಕ್ಸಿನವನ ಹತ್ತಿರ ತಯಾರಿದ್ದದ್ದು ಕಿವಿ ಚುಚ್ಚುವ ಶಾಸ್ತ್ರದ ಡಿಸೈನು.) ಮುನಿರಾಜ ಕೊರಳಿಗೆ ಹಾರ ಹಾಕಿಕೊಂಡು ವೇದಿಕೆಯ ಕುರ್ಚಿಯಲ್ಲಿ ಸಾಕ್ಷಾತ್ ಗ್ರಹಾಧಿಪತಿಯಂತೆ ವಿರಾಜಮಾನನಾದ. ಮುಯ್ಯಿ ಹಾಕಿದವರಿಗೆಲ್ಲ ತಾಂಬೂಲದ ಚೀಲದಲ್ಲಿ ತೆಂಗಿನಕಾಯಿ, ಎಲೆ ಅಡಿಕೆ, ಜೊತೆಗೆ ಅಂಗಾರಕ ಕಾಯಿನ್ನಿನ ಚೀಟಿ. ಅದನ್ನು ಹಂಚುವ ಕೆಲಸ ಬೀರೇಶನದು.

“ಬಾಗಲೂರು ಗಂಗರತ್ನಮ್ಮನವರು, ಐದು ಸಾವಿರ!” ಎಂದು ಮೈಕು ಕೂಗಿತು. “ಬೇರಿಕೆ ಊರಿನ ಷಡ್ಡಕನವರು, ಹತ್ತು ಸಾವಿರ!” ಜನ ಸಾಲುಗಟ್ಟಿ ಬಂದರು. ಕೈ ಕುಲುಕಿದರು, ಬೆನ್ನು ತಟ್ಟಿದರು, ಸೆಲ್ಫಿ ಹಿಡಿದರು. “ಹುಷಾರಾಗಿ ಹೋಗಪ್ಪ, ಹೋದ್‌ಮೇಲೆ ಫೋನ್ ಮಾಡು” ಎಂದು ಹರಸಿ ಮಟನ್ ಕಡೆ ನಡೆದರು. ಒಬ್ಬರೂ ಅಳಲಿಲ್ಲ. ಎಲ್ಲಕ್ಕಿಂತ ಮೇಲಾಗಿ, ಹೊಸ ರೇಷ್ಮೆ ಸೀರೆಯುಟ್ಟು ಪಂಕ್ತಿಯ ಮಧ್ಯೆ ಓಡಾಡುತ್ತ, “ಇನ್ನೊಂದು ಮುದ್ದೆ ಹಾಕಿಸ್ಕೊಳ್ಳಿ ಅತ್ತೆ” ಎಂದು ಉಪಚಾರ ಮಾಡುತ್ತಿದ್ದ ಚಂದ್ರಲೇಖಾ ಅಳಲಿಲ್ಲ. ಮುನಿರಾಜನಿಗೆ ಆಗ ನಿಜವಾಗಿ ಭಯವಾಯಿತು. ಈ ಜನ ತನ್ನನ್ನು ಕಳಿಸಿಯೇ ಬಿಡುತ್ತಾರಲ್ಲಪ್ಪಾ! ತಾನೇ ಎದ್ದು ‘ನಾನು ಹೋಗಲ್ಲ’ ಎನ್ನೋಣವೆಂದರೆ ಮಾನ ಅಡ್ಡ ಬಂತು. ಹಾರದ ಭಾರಕ್ಕೆ ಕತ್ತು ನೋಯತೊಡಗಿತು.

ಅಷ್ಟರಲ್ಲಿ ಮುನಿರಾಜನ ದೊಡ್ಡಪ್ಪ ಅಶ್ವತ್ಥಪ್ಪ ಮೈಕಿನ ಮುಂದೆ ಬಂದು ನಿಂತರು. ಎಂಬತ್ತು ದಾಟಿದ ಹಿರಿಯರು, ಜೀವಮಾನದಲ್ಲಿ ಯಾರ ಮುಯ್ಯಿಯನ್ನೂ ತೀರಿಸದೆ ಬಿಟ್ಟವರಲ್ಲ.

“ಊಟ ಚೆನ್ನಾಗಿತ್ತು. ಪಿಳ್ಳಮ್ಮನ ಹಳೇ ಮುಯ್ಯಿಗೆ ಮ್ಯಾಲೆ ಹೊಸದೂ ಸೇರ್ಸಿ ಹಾಕಿದೀನಿ, ಸಂತೋಷ. ಆದ್ರೆ ಒಂದು ಮಾತು. ಇವನು ವಾಪಸ್ ಬರೋದಿಲ್ವಂತೆ. ಹಂಗಾದ್ರೆ ನಮ್ಮ ಮುಯ್ಯಿ ತೀರ್ಸೋರು ಯಾರು?”

ಎಲೆಗಳ ಮುಂದೆ ಕೈಗಳು ನಿಂತವು. ಕೈ ತೊಳೆಯಲು ಹೋದವರು ಹಿಂದಕ್ಕೆ ಬಂದರು. “ಹೌದಲ್ವಾ?” “ಯಾರು ತೀರಿಸ್ತಾರೆ?” ಎಂದು ಮಂಟಪವೆಲ್ಲ ಗುಜುಗುಜು ಶುರುವಾಯಿತು.

ಬೀರೇಶ ಚೀಟಿ ಎತ್ತಿ ಹಿಡಿದ. “ತಾತ, ಅದಕ್ಕೇ ಈ ಕಾಯಿನ್ ಕೊಟ್ಟಿರೋದು. ಇದ್ರ ರೇಟು ಏರ್ತಾ ಹೋಯ್ತದೆ.”

“ಏರ್ಲಪ್ಪ, ಬೇಡ ಅಂದೋರ್ಯಾರು? ನನ್ನ ಮೊಮ್ಮಗಳ ಮದ್ವೇಲಿ ನಿನ್ನ ಕಾಯಿನ್ನು ಬಂದು ಪಂಕ್ತೀಲಿ ನೀರು ಬಡಿಸ್ತದಾ? ಚಪ್ಪರಕ್ಕೆ ಕಂಬ ನೆಡ್ತದಾ? ಮುಯ್ಯಿ ಅಂದ್ರೆ ಹೋಗೋದು, ಬರೋದು ಎರಡೂ ಇರ್ಬೇಕು. ಬರೀ ಹೋಗೋದಕ್ಕೆ ಮುಯ್ಯಿ ಅನ್ನಲ್ಲ ಕಣಪ್ಪ.”

ಬೀರೇಶ ಚೀಟಿ ಜೇಬಿಗಿಟ್ಟುಕೊಂಡು ಮಟನ್ ಪಾತ್ರೆಯ ಮರೆಗೆ ಸರಿದ. ಮುನಿರಾಜನಿಗೆ ಮಾತ್ರ ಹೋದ ಜೀವ ಬಂದಂತಾಯಿತು. ಇದೇ ಸಮಯ! ಚಂದ್ರಲೇಖಾ ಸೌಟು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ವೇದಿಕೆ ಹತ್ತುತ್ತಿದ್ದಳು. ಈಗ ಅನ್ನುತ್ತಾಳೆ, ಸಾವಿರ ಜನರ ಮುಂದೆ ಅನ್ನುತ್ತಾಳೆ ಎಂದು ಅವನು ಮೀಸೆ ಸರಿಮಾಡಿಕೊಂಡ.

“ಎಲ್ರಿಗೂ ನಮಸ್ಕಾರ” ಎಂದಳು ಚಂದ್ರಲೇಖಾ. “ನಮ್ಮ ಮಾವ ಮಂಗಳಕ್ಕೆ ಹೋಗೋದು ಗ್ಯಾರಂಟಿ.”

ಮುನಿರಾಜನ ಕೈ ಮೀಸೆಯ ಮೇಲೇ ನಿಂತಿತು.

“ಆದ್ರೆ ನಿಮ್ಮೆಲ್ಲರ ಮುಯ್ಯಿ ತೀರ್ಸಿ, ಆಮ್ಯಾಲೆ ಹೋಗ್ತಾರೆ. ಒಬ್ಬರದ್ದೂ ಉಳಿಸ್ಕೊಂಡು ಹೋಗೋ ವಂಶ ಅಲ್ಲ ನಮ್ದು. ನಿಮ್ಮ ಮನೇಲಿ ಮದ್ವೆ, ನಾಮಕರಣ, ಗೃಹಪ್ರವೇಶ ಯಾವುದೇ ಆಗ್ಲಿ, ಮಾವ ಬತ್ತಾರೆ. ಹಿಂದಿನ ದಿನವೇ ಬಂದು ಕೆಲಸಕ್ಕೂ ನಿಂತ್ಕೋತಾರೆ. ಏನ್ ಮಾವ?”

ಸಾವಿರ ಕಣ್ಣು ಅವನ ಮೇಲಿದ್ದವು. “ಊಂ” ಎಂದ. ಚಪ್ಪಾಳೆಗೆ ಮಂಟಪದ ತಗಡು ನಡುಗಿತು. ಬರಲಿರುವ ಕಾರ್ಯಗಳನ್ನು ಜನ ಅಲ್ಲಲ್ಲೇ ಕೂಗಿ ಹೇಳತೊಡಗಿದರು. ಕಟ್ಟಕಡೆಗೆ ಒಬ್ಬಾಕೆ ಕಂಕುಳಲ್ಲಿದ್ದ ಹಸುಗೂಸನ್ನು ಎತ್ತಿ ಹಿಡಿದು, “ಅಣ್ಣಾ, ಇವಳ ಮದ್ವೇಗೂ ಬರ್ಬೇಕು!” ಎಂದಳು. ಆ ಮಗು ಮುನಿರಾಜನನ್ನು ನೋಡಿ ನಕ್ಕಿತು. ಅಲ್ಲಿಗೆ ಅವನ ರಾಕೆಟ್ಟು ಇನ್ನೊಂದು ತಲೆಮಾರಿನ ಮಟ್ಟಿಗೆ ಮುಂದಕ್ಕೆ ಹೋಯಿತು.

ಅಷ್ಟು ದಿನ ದುಡ್ಡನ್ನು ಸುಮ್ಮನೆ ಇಟ್ಟುಕೊಂಡು ಏನು ಮಾಡುವುದು? ಚಂದ್ರಲೇಖಾ ಮಹಡಿಯ ಮೇಲೆ ಎರಡು ರೂಮು ಕಟ್ಟಿಸಿದಳು. ಕಾಂಕ್ರೀಟು ಹಾಕುವ ದಿನ ನೀರು ಹೊತ್ತವನು ಮುನಿರಾಜನೇ. ಬಣ್ಣ ಒಣಗುವ ಮೊದಲೇ ಕಂಪನಿಯ ಹುಡುಗರು ಬಾಡಿಗೆಗೆ ಬಂದರು, ಬಾಡಿಗೆ ನೇರವಾಗಿ ಚಂದ್ರಲೇಖಾಳ ಕೈಗೆ ಹೋಯಿತು.

ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟ. “ಅಲ್ಲ ಕಣೆ, ಒಂದೇ ಒಂದ್ ಸಲ ಹೋಗ್ಬೇಡ ಮಾವ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

ಅವಳು ಅವನನ್ನು ನೋಡಿ ನಕ್ಕಳು. ಕಣ್ಣಂಚಿನಲ್ಲಿ ಒಂಚೂರು ನೀರಿತ್ತು. (ಈರುಳ್ಳಿ ಹೆಚ್ಚುತ್ತಿದ್ದಳು, ಹಾಗಾಗಿ ಖಚಿತವಾಗಿ ಹೇಳುವಂತಿಲ್ಲ.) “ಬೇಡ ಅಂದಿದ್ರೆ ನೀನು ಹಟ ಹಿಡ್ದು ಹೋಗೇಬುಡ್ತಿದ್ದೆ ಮಾವ. ನಾನು ಹುಟ್ಟಿದಾಗಿಂದ ನಿನ್ನ ನೋಡ್ತಾ ಇಲ್ವಾ?”

ಮುನಿರಾಜನಿಗೆ ಹೊಟ್ಟೆಯೊಳಗೆ ಹಾಲು ಹೊಯ್ದಂತಾಯಿತು. ತನ್ನನ್ನು ಉಳಿಸಿಕೊಳ್ಳುವುದಕ್ಕೇ ಇಷ್ಟೆಲ್ಲ ಮಾಡಿದ್ದಾಳೆ! ಅದೇ ಹುರುಪಿನಲ್ಲಿ, ಮುಂದಿನ ಭಾನುವಾರ ಕೃಷ್ಣಗಿರಿಯಲ್ಲಿ ತೀರಿಸಬೇಕಾಗಿದ್ದ ಮುಯ್ಯಿಗೆ ಬಿಳಿ ಪಂಚೆ ಉಟ್ಟು, ಮಂಗಳನಂತೆಯೇ ಕೆಂಪಗೆ ಕುಂಕುಮವಿಟ್ಟು ಹೊರಟ. ಚಪ್ಪಲಿ ಮೆಟ್ಟಿ ಹೊಸ್ತಿಲಲ್ಲಿ ನಿಂತು, ಯಾರೂ ಹೇಳಿಕೊಡದೆ, “ಹೋಗಿಬತ್ತೀನಿ” ಎಂದ.

“ಬ್ಯಾಗ ಬಂದ್ಬುಡು ಮಾವ” ಎಂದು ಚಂದ್ರಲೇಖಾ ಒಳಗಿನಿಂದ ಓಡಿಬಂದಳು.

ಇಷ್ಟು ವರ್ಷ ಕಾದಿದ್ದ ಮಾತು! ಮುನಿರಾಜನ ಕಣ್ಣು ತುಂಬಿತು. “ಯಾಕೆ ಚಂದ್ರಾ?” ಎಂದ ಮೆಲ್ಲಗೆ.

“ಮ್ಯಾಲಿನ ಹುಡುಗ್ರದು ಎರಡು ರೂಮಲ್ಲೂ ಗ್ಯಾಸ್ ಖಾಲಿಯಂತೆ. ಸಿಲಿಂಡರ್ ಮೆಟ್ಲು ಹತ್ತಿಸ್ಬೇಕು.”