ಹಲ್ಲಿಗೆ ಹಾಕಿದ ಕರ್ಚೀಫು

ನನಗೊಂದು ಕಾಯಿಲೆ ಇದೆ, ಈ ವಯಸ್ಸಿನಲ್ಲಿ ಮುಚ್ಚಿಟ್ಟು ಏನಾಗಬೇಕು? ಯಾರೇ ಏನೇ ಹೇಳಲು ಶುರು ಮಾಡಿದರೂ ಅರ್ಧದಲ್ಲೇ "ಗೊತ್ತು ಬಿಡಿ" ಅಂದುಬಿಡುತ್ತೇನೆ. ಕಂಡಕ್ಟರ್ ಹೇಳಿದ್ದನ್ನು ಪೂರ್ತಿ ಕೇಳದೆ, ರಾಜಾಜಿನಗರದ ಮದುವೆಗೆ ರೇಷ್ಮೆ ಸೀರೆ ಉಟ್ಟು ಹೊರಟವಳು ಕೆಂಗೇರಿಯಲ್ಲಿ ಇಳಿದಿದ್ದೇನೆ. ಅಲ್ಲೂ ಯಾರದೋ ಮದುವೆ ನಡೆಯುತ್ತಿತ್ತು, ಹೋಳಿಗೆ ಚೆನ್ನಾಗಿತ್ತು, ಅದು ಬೇರೆ ವಿಷಯ.

ನನ್ನ ಮೊಮ್ಮಗಳು ಚಿನ್ನುಗೆ ಏಳು ವರ್ಷ. ಹುಳುಕು ಹಿಡಿದ ಅವಳದೊಂದು ಹಾಲುಹಲ್ಲನ್ನು ಡಾಕ್ಟರಮ್ಮ ಅವಧಿಗೆ ಮುಂಚೆಯೇ ಕಿತ್ತು, ಪಕ್ಕದ ಹಲ್ಲಿಗೆ ಸ್ಟೀಲಿನ ಪುಟ್ಟ ಉಂಗುರ ತೊಡಿಸಿ, ಖಾಲಿ ಜಾಗಕ್ಕೆ ತಂತಿ ಅಡ್ಡ ಕೊಟ್ಟರು. ಸ್ಪೇಸ್ ಮೇಂಟೇನರ್ ಅಂತೆ. "ಹೊಸ ಹಲ್ಲು ಬರೋಕೆ ಇನ್ನೂ ಮೂರು ವರ್ಷ ಬೇಕಮ್ಮ. ಅಷ್ಟರಲ್ಲಿ ಅಕ್ಕಪಕ್ಕದ ಹಲ್ಲು ವಾಲಿ ಜಾಗ ತಿಂದುಬಿಟ್ರೆ, ಬರೋದು ಸೊಟ್ಟಗೆ ಬರುತ್ತೆ," ಅಂದರು.

"ಗೊತ್ತು ಬಿಡಿ, ಬಸ್ಸಿನ ಸೀಟಿಗೆ ಕರ್ಚೀಫ್ ಹಾಕಿದ ಹಾಗೆ," ಅಂದೆ. ಅವರು ನಕ್ಕು, ಇನ್ನೂ ಏನೋ ಹೇಳುತ್ತಿದ್ದರು. ನಾನಾಗಲೇ ಹೊರಗೆ ಚಪ್ಪಲಿ ಹುಡುಕುತ್ತಿದ್ದೆ. ಅಂಟುವ ತಿಂಡಿ ಕೊಡಬೇಡಿ, ಉಂಗುರ ಕಳಚಿದರೆ ಜೋಪಾನವಾಗಿ ತನ್ನಿ, ಮತ್ತೆ ಕೂರಿಸಬಹುದು ಅನ್ನುತ್ತಿದ್ದರಂತೆ. ಒಳಗೆ ಕೂತು ಪೂರ್ತಿ ಕೇಳಿಸಿಕೊಂಡವಳು ಚಿನ್ನು ಒಬ್ಬಳೇ.

ಶನಿವಾರ ಸೊಸೆ ವೀಣಾ ಆಫೀಸಿಗೆ ಹೋಗಿದ್ದಳು. ನಾನು ಎಳ್ಳುಂಡೆ ಕಟ್ಟಿದೆ. ಪಾಕ ಒಂಚೂರು ಏರಿತ್ತು, ಒಪ್ಪಿಕೊಳ್ಳುತ್ತೇನೆ. ಎರಡನೇ ಉಂಡೆಗೆ ಚಿನ್ನು ಬಚ್ಚಲಿಗೆ ಓಡಿದಳು. ಬರುವಾಗ ಕೈಯಲ್ಲಿ ಟಿಶ್ಯೂ ಪೊಟ್ಟಣ. "ಅಜ್ಜೀ, ಬಿತ್ತು! ಡಾಕ್ಟರ್ ಏನಂದಿದ್ರು ಅಂದ್ರೆ..."

"ಗೊತ್ತು ಬಿಡು ಪುಟ್ಟಾ!" ಅಂದೆ. ಮೊಮ್ಮಗಳ ಹಲ್ಲು ನಾನೊಬ್ಬಳೇ ಜೊತೆಗಿರುವಾಗ ಬಿದ್ದಿದೆ, ನನ್ನ ಸಂಭ್ರಮ ಕೇಳಬೇಡಿ. ಬಿದ್ದ ಹಲ್ಲನ್ನು ಸೆಗಣಿಯಲ್ಲಿ ಸುತ್ತಿ ಸೂರಿನ ಮೇಲೆ ಎಸೆಯದಿದ್ದರೆ ಹೊಸ ಹಲ್ಲು ಬರುವುದುಂಟೇ? ನಮ್ಮ ಮೂಡಲಪಾಳ್ಯದಲ್ಲಿ ಈಗ ಏನು ಬೇಕಾದರೂ ಹತ್ತು ನಿಮಿಷಕ್ಕೆ ಮನೆ ಬಾಗಿಲಿಗೆ ಬರುತ್ತೆ, ಬಿಸಿ ಸೆಗಣಿ ಮಾತ್ರ ಬರಲ್ಲ. ಹಿಂದಿನ ಬೀದಿಯ ಹಾಲಿನವರ ಹಸುವಿನ ಹಿಂದೆ ಅರ್ಧ ಗಂಟೆ ಕಾದೆವು. ಪೊಟ್ಟಣ ಬಿಚ್ಚಿ ಸಹ ನೋಡದೆ ಸೆಗಣಿ ಮೆತ್ತಿ, ಎದುರುಮನೆ ರುದ್ರಪ್ಪನವರ ಕಾರ್ ಶೆಡ್ಡಿನ ಶೀಟಿನ ಮೇಲೆ ಬೀಸಿದೆ. ಚಿನ್ನು ಕುಣಿದು ಕುಣಿದು ಚಪ್ಪಾಳೆ ತಟ್ಟಿದಳು.

ಸಂಜೆ ವೀಣಾ ಮಗಳ ಬಾಯಿ ನೋಡಿದವಳೇ, "ರಿಂಗ್ ಎಲ್ಲೇ?" ಅಂದಳು.

"ಅಜ್ಜಿ ಎಸೆದ್ರು. ಸೆಗಣಿ ಹಾಕಿ!"

ಅಯ್ಯೋ, ನಾನು ಎಸೆದದ್ದು ಹಲ್ಲಲ್ಲ, ಉಂಗುರ! ಮಗು ಕನ್ನಡಿ ಮುಂದೆ ನಿಂತಾಗಲೆಲ್ಲ ಸೊಟ್ಟ ಹಲ್ಲು ಕಂಡು ನನ್ನನ್ನು ನೆನೆಯಬೇಕೇ? ಸೆರಗು ಸಿಕ್ಕಿಸಿ ರುದ್ರಪ್ಪನವರ ಏಣಿಗೆ ಕಾಲಿಟ್ಟೇಬಿಟ್ಟೆ. "ಅತ್ತೆ, ಇಳೀರಿ! ಆಮೇಲೆ ನಿಮ್ಮ ಸೊಂಟಕ್ಕೂ ರಿಂಗ್ ಹಾಕಿಸಬೇಕಾಗುತ್ತೆ!" ಎಂದು ವೀಣಾ ನನ್ನನ್ನು ಇಳಿಸಿ ತಾನೇ ಹತ್ತಿದಳು.

"ಏನ್ ಹುಡುಕ್ತಿದಾರೆ ತಾಯಿ?" ರುದ್ರಪ್ಪನವರು ಗಾಬರಿಯಿಂದ ಕೇಳಿದರು.

"ನಮ್ಮ ಮಗುವಿನ ಹಲ್ಲಿನ ಜಾಗ," ಅಂದೆ.

"ಜಾಗಾನಾ? ಅಳತೆ ಮಾಡಿಸೇ ಶೆಡ್ ಹಾಕ್ಸಿರೋದು ಕಣ್ರೀ!" ಅಂದರು ಪಾಪ.

ಬಿಸಿಲಿಗೆ ಒಣಗಿದ ಸೆಗಣಿ ಉಂಡೆ ಶೀಟಿಗೆ ಕಚ್ಚಿಕೊಂಡೇ ಇತ್ತು, ಸದ್ಯ. ಆಗಲೇ ಕ್ಲಿನಿಕ್ಕಿಗೆ ಓಡಿದೆವು. ಡಾಕ್ಟರಮ್ಮ ಉಂಗುರವನ್ನು ಮೂಗು ಮುಚ್ಚಿಕೊಂಡು ತೊಳೆದರು, ಕುದಿಸಿದರು, ಮತ್ತೆ ತೊಳೆದರು. ಬಗ್ಗಿಲ್ಲ, ಜಾಗವೂ ಹೋಗಿಲ್ಲ ಅಂತ ಮತ್ತೆ ಕೂರಿಸಿದರು. ನನಗೆ ಅಲ್ಲೇ ಕಣ್ಣಲ್ಲಿ ನೀರು ಬಂತು.

ಮಾರನೇ ಬೆಳಿಗ್ಗೆ ಫ್ರಿಜ್ಜಿನ ಬಾಗಿಲಲ್ಲಿ ವೀಣಾ ಒಂದು ಚೀಟಿ ಅಂಟಿಸಿದ್ದಳು: ಚಿನ್ನು ಮುಟ್ಟಬಾರದವು. ಚಿಕ್ಕಿ, ಟಾಫಿ, ಬಬಲ್‌ಗಮ್, ಎಳ್ಳುಂಡೆ. ಕೊನೆಗೆ ಚಿನ್ನು ತನ್ನ ದಪ್ಪ ಪೆನ್ಸಿಲಿನಲ್ಲಿ ಇನ್ನೊಂದು ಹೆಸರು ಸೇರಿಸಿದ್ದಳು: ಅಜ್ಜಿ.

ಅಳಿಸೋಣವೆಂದು ರಬ್ಬರ್ ತಂದೆ. ಆಮೇಲೆ ಯೋಚಿಸಿ, ಅಡಿಯಲ್ಲಿ ಸಹಿ ಹಾಕಿದೆ.