ಮುಚ್ಚಳವಿಲ್ಲದ ಕಾರಿನ ವ್ಯಾಪಾರ

ನಾದಿನಿ: ಮೊದಲು ಆ ಹೆಲ್ಮೆಟ್ ತೆಗೀರಿ ಅತ್ತಿಗೆ. ಕಾರಲ್ಲಿ ಕೂತು ಯಾರಾದ್ರೂ ಹೆಲ್ಮೆಟ್ ಹಾಕ್ತಾರಾ?

ಅತ್ತಿಗೆ: ತಲೆ ಮೇಲೆ ತಗಡಿರೋ ಕಾರಲ್ಲಿ ಹಾಕಲ್ಲ. ಇದಕ್ಕೆಲ್ಲಿದೆ ತಗಡು? ಮೊನ್ನೆ ಕಾಗೆ ಗುರಿಯಿಟ್ಟು ಮಾಡ್ತು. ಹೆಲ್ಮೆಟ್ ಇತ್ತು, ಮಾನ ಉಳೀತು.

ನಾದಿನಿ: ಮಾನ ಉಳೀತಂತೆ! ಬೀದಿಗೆ ಬೀದಿಯೇ ನಿಮ್ಮನ್ನ ನೋಡಿ ನಗುತ್ತೆ.

ಅತ್ತಿಗೆ: ನಗಲಿ ಬಿಡೇ. ಸಿಗ್ನಲ್‌ನಲ್ಲಿ ನಿಂತಾಗ ಎದುರಂಗಡಿ ಗಾಜಲ್ಲಿ ನಾನೂ ನೋಡ್ಕೊತೀನಿ. ನನಗೂ ನಗು ಬರುತ್ತೆ.

ಕಾರು ಅತ್ತಿಗೆಯ ಹೊಲಿಗೆ ಅಂಗಡಿಯ ಮುಂದೆ ನಿಂತಿತ್ತು. ಕೆಂಪು ಬಣ್ಣ, ಎರಡೇ ಸೀಟು, ನೆಲಕ್ಕೆ ಹೊಟ್ಟೆ ಹಚ್ಚಿ ಕೂತ ಸ್ಪೋರ್ಟ್ಸ್ ಕಾರು. ಅದಕ್ಕೆ ಬಟ್ಟೆಯ ಟಾಪು ಒಂದಿದೆ. ಮಡಚಿಕೊಂಡು ಸೀಟಿನ ಹಿಂದೆ ಬಿದ್ದಿದೆ. ಗಂಡ ಆಸೆಪಟ್ಟು ಯಾರದೋ ಹಳೇದನ್ನು ತಂದಿದ್ದ. ಅವನು ಹೋಗಿ ವರ್ಷವಾಯಿತು. ಕಾರು ಉಳಿಯಿತು. ಬಿಸಿಲು, ಮಳೆ, ಚಳಿ ಅನ್ನದೆ ಅತ್ತಿಗೆ ದಿನಾ ಅದರಲ್ಲೇ ಅಂಗಡಿಗೆ ಬರುತ್ತಾಳೆ, ಅದರಲ್ಲೇ ಹೊಲಿದ ಬಟ್ಟೆ ಮನೆಮನೆಗೆ ಮುಟ್ಟಿಸುತ್ತಾಳೆ. ಹೋದ ವಾರ ನೆಂದು ಜ್ವರ ಹಿಡಿದು ಮಲಗಿದ್ದಳು. ಆಗ ಗಂಡನ ತಂಗಿ, ಈ ನಾದಿನಿ, ಬಾಯಿಗೆ ಮಾತ್ರೆ ಹಾಕುತ್ತಾ ಹಾಕುತ್ತಾ ಒಂದು ಮಾತು ಹೊರಗೆ ಕಿತ್ತಳು. 'ಮಾರ್ತೀನಿ.'

ನಾದಿನಿ: ಕೊಟ್ಟ ಮಾತು ನೆನಪಿದೆ ತಾನೆ?

ಅತ್ತಿಗೆ: ಜ್ವರದಲ್ಲಿ ನಾನು ಏನೇನೋ ಅಂದಿದ್ದೀನಿ. ನಿನ್ನನ್ನ ಒಳ್ಳೆಯವಳು ಅಂತಲೂ ಅಂದಿದ್ದೆನಂತೆ.

ನಾದಿನಿ: ಅದೇನೂ ತಪ್ಪಲ್ಲ. ನೋಡಿ, ಬಂದರು. ಕೆಳಗಿಳೀರಿ. ನೀವು ಬಾಯಿ ಬಿಡಬೇಡಿ. ನಾನು ಮಾತಾಡ್ತೀನಿ.

ಕೊಳ್ಳಲು ಬಂದವನು ಹಲ್ಲಿನ ಡಾಕ್ಟರು. ಚಿಕ್ಕ ವಯಸ್ಸು, ಹೊಳೆಯುವ ಬೂಟು, ಅದಕ್ಕಿಂತ ಹೊಳೆಯುವ ಹಲ್ಲು. ಕಾರು ಕಂಡದ್ದೇ ಅವನ ಬಾಯಿ ತೆರೆದುಕೊಂಡಿತು.

ಡಾಕ್ಟರು: ಓಹೋ! ಇದೇನಾ? ಫೋಟೋದಲ್ಲಿ ನೋಡಿದ್ದಕ್ಕಿಂತ...

ಅತ್ತಿಗೆ: ಕೆಟ್ಟದಾಗಿದೆ.

ನಾದಿನಿ: ಚೆನ್ನಾಗಿದೆ!

ಡಾಕ್ಟರು: ಜಾಸ್ತಿ ಓಡಿಲ್ಲ ಅಂದ್ರಲ್ಲ? ಭಾನುವಾರ ಮಾತ್ರ ಅಂತ.

ನಾದಿನಿ: ಹೌದು ಡಾಕ್ಟ್ರೇ, ಭಾನುವಾರ ಮಾತ್ರ.

ಅತ್ತಿಗೆ: ಭಾನುವಾರ ಮಾತ್ರ ರಜಾ.

ನಾದಿನಿ ಅತ್ತಿಗೆಯ ಕಾಲು ತುಳಿದಳು. ಅತ್ತಿಗೆ ಕಾಲು ಹಿಂದಕ್ಕೆ ಎಳೆದುಕೊಂಡಳೇ ಹೊರತು ಬಾಯಿ ಎಳೆದುಕೊಳ್ಳಲಿಲ್ಲ.

ಡಾಕ್ಟರು: ಮಳೇಲಿ ತೆಗೆದಿದ್ದೀರಾ?

ನಾದಿನಿ: ಛೆ ಛೆ! ಒಂದು ಹನಿ ಸೋಕಿಸಿಲ್ಲ.

ಅತ್ತಿಗೆ: ಕಾಲಿಡೋ ಜಾಗ ನೋಡಿ ಡಾಕ್ಟ್ರೇ. ನೀರು ಇಳಿದು ಹೋಗಲಿ ಅಂತ ತೂತು ಹೊಡೆಸಿದ್ದೀನಿ.

ಡಾಕ್ಟರು ಬಗ್ಗಿ ನೋಡಿದ. ಬಗ್ಗಿದವನು ಹಾಗೇ ನಿಂತ.

ಡಾಕ್ಟರು: ಸೀಟಿನ ಹಿಂದೆ ಇದೇನು, ಗಿಡಾನಾ?

ಅತ್ತಿಗೆ: ಟೊಮೆಟೊ. ನಾನು ನೆಟ್ಟಿದ್ದಲ್ಲ. ಚೀಲದಿಂದ ಒಂದು ಹಣ್ಣು ಉರುಳಿ ಅಲ್ಲೇ ಕೊಳೀತು. ಆಮೇಲೆ ತಾನೇ ಎದ್ದು ನಿಂತಿದೆ. ನೀರು, ಬಿಸಿಲು ಎರಡಕ್ಕೂ ಬರ ಇಲ್ಲ ನೋಡಿ.

ನಾದಿನಿ: ಅದು... ಅಲಂಕಾರಕ್ಕೆ ಡಾಕ್ಟ್ರೇ.

ಡಾಕ್ಟರು: ದಿನಾ ಇದರಲ್ಲೇ ಓಡಾಡ್ತೀರಾ? ಕಷ್ಟ ಆಗಲ್ವಾ?

ಅತ್ತಿಗೆ: ಏನು ಕಷ್ಟ? ಬೇಸಿಗೇಲಿ ಸೀಟು ಕಾದ ಕಾವಲಿ. ಕೂತ್ರೆ ಒಂದು ಕಡೆ ಬೇಯ್ತೀನಿ, ಮಗ್ಗುಲು ಬದಲಿಸಿದ್ರೆ ಇನ್ನೊಂದು ಕಡೆ. ಚಳೀಲಿ ಹಲ್ಲು ಕಟಕಟ ಅಂತವೆ. ಇಡೀ ಬಾಯಿ ಅಲ್ಲಾಡ್ತಿದೆ, ನಿಮಗೆ ಒಳ್ಳೆ ಗಿರಾಕಿ ನಾನು. ಇನ್ನು ಗಾಳಿ ಬಂತೋ, ಹೊರಟ ಬಟ್ಟೆಗೂ ತಲುಪಿದ ಬಟ್ಟೆಗೂ ತಾಳೆ ಆಗಲ್ಲ. ಒಬ್ಬರ ಲಂಗ ಹಾರಿಹೋಗಿ ಬಸ್ಸಿನ ಕನ್ನಡಿಗೆ ಸುತ್ಕೊಂತು, ನಾನು ಮೂರು ಸ್ಟಾಪು ಆ ಬಸ್ಸಿನ ಹಿಂದೆ ಬಿದ್ದೆ. ಡ್ರೈವರ್ರು ನಾನು ರೇಸಿಗೆ ಕರೀತಿದ್ದೀನಿ ಅಂದ್ಕೊಂಡು ಇನ್ನೂ ಜೋರಾಗಿ ಓಡಿಸಿದ.

ನಾದಿನಿ ತಲೆ ಮೇಲೆ ಕೈ ಹೊತ್ತಳು. ವ್ಯಾಪಾರ ಮುಗಿಯಿತು ಅಂದುಕೊಂಡಳು. ಅತ್ತಿಗೆಯೂ ಹಾಗೇ ಅಂದುಕೊಂಡು ಒಳಗೊಳಗೇ ಹಿಗ್ಗಿದಳು. ಆದರೆ ಡಾಕ್ಟರ ಕಣ್ಣು ಇನ್ನೂ ಅಗಲವಾಗಿತ್ತು.

ಡಾಕ್ಟರು: ಆಹಾ! ಇದು ಬದುಕು ಕಣ್ರಮ್ಮಾ! ನಾನು ದಿನಾ ಬೆಳಿಗ್ಗೆಯಿಂದ ಸಂಜೆವರೆಗೂ ಬೇರೆಯವರ ಬಾಯೊಳಗೆ ಇಣುಕ್ತೀನಿ. ನನಗೆ ಬೇಕಾಗಿರೋದು ಇದೇ. ಆಕಾಶ! ಗಾಳಿ!

ಅತ್ತಿಗೆಯ ಮುಖ ಇಳಿಯಿತು. ಹೆಸರು ಕೆಡಿಸಿದಷ್ಟೂ ಕಾರಿನ ಬೆಲೆ ಏರುತ್ತಿದೆ. ಇಂಥ ಗಿರಾಕಿಯನ್ನು ಅವಳು ಹೊಲಿಗೆ ಅಂಗಡಿಯಲ್ಲೂ ಕಂಡಿರಲಿಲ್ಲ.

ಅತ್ತಿಗೆ: ಬ್ರೇಕೂ ಸರಿಯಿಲ್ಲ.

ಡಾಕ್ಟರು: ಹಾಕಿಸ್ಕೊಳ್ತೀನಿ.

ಅತ್ತಿಗೆ: ಇಂಜಿನ್ ಕೆಮ್ಮುತ್ತೆ.

ಡಾಕ್ಟರು: ನಾನೂ ಡಾಕ್ಟ್ರೇ ಅಲ್ವಾ? ಟಾಪು ಒಂದು ಹಾಕಿ ತೋರಿಸಿಬಿಡಿ. ಈಗಲೇ ಮಾತು ಮುಗಿಸೋಣ.

ನಾದಿನಿ: ಟಾಪು ಫಸ್ಟ್‌ಕ್ಲಾಸ್! ತೋರಿಸಿ ಅತ್ತಿಗೆ.

ಅತ್ತಿಗೆ: ಬೇಡ. ನನಗೆ ಗಾಳಿ ಇಷ್ಟ.

ನಾದಿನಿ: ವರ್ಷದಿಂದ ಇದೇ ಹಾಡು. ನಡುಗ್ತಾ ಬಂದ್ರೂ ಗಾಳಿ ಇಷ್ಟ, ತೊಪ್ಪೆಯಾಗಿ ಬಂದ್ರೂ ಗಾಳಿ ಇಷ್ಟ. ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡೀತಾನಂತೆ. ನಿಮ್ಮ ಐಶ್ವರ್ಯಕ್ಕೆ ಸುರಿಯೋ ಮಳೇಲೂ ಕೊಡೆ ಇಲ್ಲ.

ಡಾಕ್ಟರು: ಟಾಪು ಕೆಟ್ಟಿದ್ರೆ ಹೇಳಿಬಿಡಿ, ಪರವಾಗಿಲ್ಲ.

'ಕೆಟ್ಟಿದ್ರೆ' ಅಂದದ್ದು ಅತ್ತಿಗೆಗೆ ತಡೆಯಲಾಗಲಿಲ್ಲ. ಆ ಟಾಪಿನ ಹರಿದ ಮೂಲೆಗೆ ತೇಪೆ ಹಾಕಿ ಹೊಲಿದವಳು ಅವಳೇ. ಹೆಲ್ಮೆಟ್ ತೆಗೆದು ಸೀಟಿನ ಮೇಲೆ ಎಸೆದಳು. ಮಡಚಿದ್ದನ್ನು ಬಿಡಿಸಿ ಈ ಕಡೆಯಿಂದ ಎಳೆದಳು. ಈ ಕಡೆ ಮುಂದೆ ಬಂತು, ಆ ಕಡೆ ಹಿಂದೆ ಹೋಯಿತು. ಓಡಿಹೋಗಿ ಆ ಕಡೆ ಎಳೆದಳು. ಈ ಕಡೆಯದು ಎದ್ದು ನಿಂತಿತು. ಮತ್ತೆ ಓಡಿ ಬಂದಳು. ಕಾರಿನ ಸುತ್ತ ಅವಳು, ಅವಳ ಸುತ್ತ ಡಾಕ್ಟರ ಕಣ್ಣು.

ಡಾಕ್ಟರು: ಇದಕ್ಕೆ ಇಬ್ಬರು ಬೇಕಾ?

ಅತ್ತಿಗೆ ನಿಂತಳು. ಉಸಿರು ಸಿಕ್ಕಲಿಲ್ಲ.

ಅತ್ತಿಗೆ: ಹೂಂ. ಎರಡು ಕಡೆ ಕೊಕ್ಕೆ. ಎರಡೂ ಒಟ್ಟಿಗೆ ಬೀಳಬೇಕು. ನಮ್ಮವರು ಇದ್ದಾಗ ಅವರು ಆ ಕಡೆ, ನಾನು ಈ ಕಡೆ.

ನಾದಿನಿ: ಅಯ್ಯೋ, ಗಾಳಿ ಇಷ್ಟ ಅಂತಿದ್ರಲ್ಲ ಅತ್ತಿಗೆ?

ಅತ್ತಿಗೆ: ಯಾವ ಮುಠ್ಠಾಳನಿಗೆ ಇಷ್ಟ ಆಗುತ್ತೆ ಅದು? ಮೂಗು ಸೋರುತ್ತೆ, ಕಿವಿ ನೋಯುತ್ತೆ.

ನಾದಿನಿ: ಮತ್ತೆ ಒಂದು ಮಾತು ಹೇಳಬಾರದಾ? ಇಡೀ ವರ್ಷ ನೆನೆದ್ರಲ್ಲ!

ಅತ್ತಿಗೆ: ಏನಂತ ಹೇಳಲಿ? ಅವರು ಹೋದಾಗ ಬಂದವರೆಲ್ಲ ಕೈ ಹಿಡಿದು, ಏನು ಬೇಕಾದ್ರೂ ಕೇಳಮ್ಮ ಅಂದ್ರು. ಕಾರಿನ ಮುಚ್ಚಳ ಎಳೆಯೋಕೆ ಬನ್ನಿ ಅಂತ ಕೇಳೋದಾ? ಗಂಡನಿಗೆ ಅತ್ತಳಾ, ಮುಚ್ಚಳಕ್ಕೆ ಅತ್ತಳಾ ಅಂತ ಆಡ್ಕೊಳ್ಳಲ್ವಾ?

ಡಾಕ್ಟರು ಗಂಟಲು ಸರಿಮಾಡಿಕೊಂಡ.

ಡಾಕ್ಟರು: ನಾನು... ಒಬ್ಬನೇ ಇರೋದು.

ಅತ್ತಿಗೆ: ಹಾಗಾದ್ರೆ ಮೊದಲು ಮದುವೆ ಆಗಿ. ಕಾರು ಆಮೇಲೆ. ಉಲ್ಟಾ ಮಾಡಿದ್ರೆ ನನ್ನ ಹಾಗೆ ಟೊಮೆಟೊ ಬೆಳೀತೀರಿ.

ಅಷ್ಟರಲ್ಲಿ ದಪ್ಪ ಹನಿ ಬಿತ್ತು. ಇನ್ನೊಂದು ಬಿತ್ತು. ಆಮೇಲೆ ಯಾರೋ ಮೇಲಿಂದ ಕೊಡ ಬಗ್ಗಿಸಿದ ಹಾಗೆ ಒಂದೇ ಸಮನೆ ಸುರಿಯಿತು. ಡಾಕ್ಟರು ಬೂಟು ಉಳಿಸಿಕೊಳ್ಳಲು ಅಂಗಡಿಯ ಸಜ್ಜದ ಕೆಳಗೆ ಓಡಿದ. ನಾದಿನಿ ಆ ಕಡೆಗೆ ಓಡಿದಳು.

ನಾದಿನಿ: ಎಲ್ಲಿ ಹಿಡೀಬೇಕು?

ಅತ್ತಿಗೆ: ಕಂಬಿ ಹಿಡಿ! ಬಟ್ಟೆ ಎಳೀಬೇಡ, ನನ್ನ ಹೊಲಿಗೆ ಬಿಚ್ಚುತ್ತೆ!

ನಾದಿನಿ: ಎಳೀಲಾ?

ಅತ್ತಿಗೆ: ನಾನು ಹೇಳಿದಾಗ!

ನಾದಿನಿ: ಹೇಳ್ರೀ ಮತ್ತೆ! ಮುಳುಗಿದ ಮೇಲೆ ಹೇಳ್ತೀರಾ?

ಅತ್ತಿಗೆ: ಹೂಂ!

ಎರಡು ಕೊಕ್ಕೆಯೂ ಒಟ್ಟಿಗೆ ಟಕ್ ಅಂದವು. ಇಬ್ಬರೂ ಬಾಗಿಲು ತೆರೆದು ಒಳಗೆ ಬಿದ್ದರು. ತಲೆ ಮೇಲೆ ಮಳೆ ಬಡಿಯುತ್ತಿತ್ತು, ಒಳಗೆ ಬರುತ್ತಿರಲಿಲ್ಲ. ಅತ್ತಿಗೆ ಒಂದು ಕೈ ಮೇಲೆತ್ತಿ ಬಟ್ಟೆಯನ್ನು ಮುಟ್ಟಿ ನೋಡಿದಳು. ಸ್ವಲ್ಪ ಹೊತ್ತು ಕೈ ಇಳಿಸಲಿಲ್ಲ.

ನಾದಿನಿ: ಅತ್ತಿಗೆ... ಒಳಗೆ ಅಣ್ಣನ ವಾಸನೆ ಬರ್ತಿದೆ.

ಅತ್ತಿಗೆ: ಒದ್ದೆ ಗೋಣಿಚೀಲದ ವಾಸನೆ ಕಣೇ ಅದು. ನಿಮ್ಮಣ್ಣ ಇಷ್ಟು ಕೆಟ್ಟದಾಗಿರಲಿಲ್ಲ.

ನಾದಿನಿ ನಕ್ಕಳು. ನಗುತ್ತಾ ನಗುತ್ತಾ ಅತ್ತಳು. ಅತ್ತಿಗೆ ಸೀಟಿನ ಹಿಂದೆ ಕೈ ಹಾಕಿ, ಯಾರದೋ ಹೊಲಿದಿಟ್ಟ ಪೈಜಾಮ ತೆಗೆದು ಅವಳಿಗೆ ಕೊಟ್ಟಳು. ಅವಳು ಅದರಲ್ಲೇ ಮೂಗು ಒರೆಸಿಕೊಂಡಳು.

ಕಿಟಕಿಯ ಗಾಜಿನ ಮೇಲೆ ಟಪಟಪ ಸದ್ದು. ಡಾಕ್ಟರು. ಬೂಟಿನ ಹೊಳಪು ಹೋಗಿತ್ತು, ಉತ್ಸಾಹ ಹೋಗಿರಲಿಲ್ಲ.

ಡಾಕ್ಟರು: ಅಮ್ಮಾ, ಟಾಪು ನೋಡಿದೆ. ನಮ್ಮ ಕಾಂಪೌಂಡರನ್ನ ಜೊತೆಗೆ ಕೂರಿಸ್ಕೊಳ್ತೀನಿ, ಎಳೆಯೋಕೆ. ಕಾರು ನಂಗೆ ಬೇಕು. ಏನಂತೀರಿ?

ಅತ್ತಿಗೆ ಬಾಯಿ ತೆರೆದಳು. ಮಾತು ಕೊಟ್ಟಾಗಿದೆ. ಜ್ವರದಲ್ಲಿ ಕೊಟ್ಟರೂ ಕೊಟ್ಟದ್ದೇ. ಎರಡೂ ಕೈಯಲ್ಲಿ ಸ್ಟೇರಿಂಗು ಹಿಡಿದುಕೊಂಡು ಮಾತು ಹುಡುಕುತ್ತಿದ್ದಳು. ಅವಳಿಗಿಂತ ಮೊದಲು ನಾದಿನಿ ಗಾಜು ಇಳಿಸಿದಳು.

ನಾದಿನಿ: ಮಾರೋಕಿಲ್ಲ ಡಾಕ್ಟ್ರೇ.

ಡಾಕ್ಟರು: ನೀವೇ ತಾನೆ ಫೋನ್ ಮಾಡಿ ಕರೆದಿದ್ದು?

ನಾದಿನಿ: ಆಗ ಇದಕ್ಕೆ ಇನ್ನೊಬ್ಬರು ಬೇಕು ಅಂತ ನಂಗೆ ಯಾರೂ ಹೇಳಿರಲಿಲ್ಲ.

ಗಾಜು ಏರಿಸಿದಳು. ಮೊಣಕೈಯಲ್ಲಿ ಅತ್ತಿಗೆಯನ್ನು ತಿವಿದಳು.

ನಾದಿನಿ: ಹೊರಡ್ರೀ ಅತ್ತಿಗೆ, ನನ್ನ ಮನಸ್ಸು ಬದಲಾಗೋದ್ರೊಳಗೆ. ಆದ್ರೆ ಹೇಳಿರ್ತೀನಿ, ದಿನಾ ಬೆಳಿಗ್ಗೆ ನಮ್ಮ ಮನೆ ಮುಂದೆ ಬರಬೇಕು. ಇನ್ನು ಕೆಲಸಕ್ಕೆ ಹೋಗೋಕೆ ನಾನು ಬಸ್ಸು ಹತ್ತಲ್ಲ.

ಅತ್ತಿಗೆ ಗಾಡಿ ಶುರುಮಾಡಿದಳು. ಅದು ಎರಡು ಸಲ ಕೆಮ್ಮಿ ಹೊರಟಿತು.

ನಾದಿನಿ: ಮನೆ ಈ ಕಡೆ. ಆ ಕಡೆ ಯಾಕೆ ತಿರುಗಿಸ್ತಿದ್ದೀರಿ?

ಅತ್ತಿಗೆ: ದೊಡ್ಡ ರಸ್ತೇಲಿ ಒಂದು ಸುತ್ತು ಹಾಕೋಣ. ವರ್ಷವಿಡೀ ನಾನು ನೆಂದಿದ್ದನ್ನ ಎಲ್ಲರೂ ನೋಡಿದ್ದಾರೆ. ಇವತ್ತು ಒಣಗಿ ಕೂತಿದ್ದನ್ನೂ ನೋಡಲಿ.

ನಾದಿನಿ: ಮುಚ್ಚಿದ ಕಾರಲ್ಲಿ ನೀವು ಯಾರಿಗೆ ಕಾಣ್ತೀರಿ ಅತ್ತಿಗೆ?

ಅತ್ತಿಗೆ ಒಂದು ಕ್ಷಣ ಯೋಚಿಸಿದಳು.

ಅತ್ತಿಗೆ: ಅಯ್ಯೋ, ಹೌದಲ್ಲೇ. ಹಾಗಾದ್ರೆ ಹಾರ್ನ್ ಹೊಡ್ಕೊಂಡು ಹೋಗೋಣ.