ಹತ್ತಕ್ಕೊಂದು ತೊಟ್ಟು

ರಟ್ಟಿನ ಡಬ್ಬ ಮಡಿಸುವ ಯಂತ್ರ ಎಣಿಸಿದಂತೆ ಹತ್ತು ಡಬ್ಬಕ್ಕೊಂದು ತೊಟ್ಟು ಎಣ್ಣೆ ಸುರಿಸುತ್ತಿತ್ತು. ಗೇರ್ ಪೆಟ್ಟಿಗೆಯಿಂದ ಹೊರಬಂದು ತಿರುಗುವ ಶಾಫ್ಟಿನ ಸುತ್ತ ಎಣ್ಣೆ ತಡೆಯಲೆಂದು ಒಂದು ರಬ್ಬರ್ ಸೀಲ್ ಇತ್ತು. ತೊಟ್ಟು ಅದರ ತುಟಿಯಿಂದ ಇಳಿದು, ಕೆಳಗೆ ಓಡುವ ಚೈನಿನ ಬೆನ್ನ ಮೇಲೆ ಬಿದ್ದು, ಅಲ್ಲಿಂದ ನೆಲಕ್ಕೆ ಜಾರುತ್ತಿತ್ತು. ನಾಲ್ಕು ವರ್ಷದಿಂದ ಫಿಟ್ಟರ್ ಆ ನೆಲ ಒರೆಸುತ್ತಿದ್ದ. ಮಗುವಿಗಾದರೂ ಒಂದು ವಯಸ್ಸಿಗೆ ಒರೆಸುವುದು ನಿಲ್ಲುತ್ತದೆ.

ಅವತ್ತು ಬೆಳಿಗ್ಗೆ ಮೇಸ್ತ್ರಿ ಅದೇ ಎಣ್ಣೆಯ ಮೇಲೆ ಜಾರಿ, ಡಬ್ಬಗಳ ರಾಶಿಯೊಳಗೆ ಸೊಂಟದವರೆಗೆ ಹೂತುಹೋದರು.

"ನಾಲ್ಕು ಗಂಟೆಗೆ ಈ ನೆಲ ಒಣಗಿರ್ಬೇಕು!" ಅಲ್ಲಿಂದಲೇ ಕೂಗಿದರು. "ಒಣಗಿದ್ರೆ ನಾಳೆ ನಿಂಗೆ ರಜ. ಇಲ್ದಿದ್ರೆ ಇನ್ಮೇಲೆ ರಜ ಅಂತ ಬಾಯೇ ಬಿಡ್ಬೇಡ."

ಫಿಟ್ಟರನ ಮುಖ ಅರಳಿತು. ಊರಾಚೆಯ ಕೆರೆಯಲ್ಲಿ ಒಮ್ಮೆ ದೋಣಿಯಲ್ಲಿ ಕೂರಬೇಕೆಂದು ಹೆಂಡತಿ ನಾಲ್ಕು ವರ್ಷದಿಂದ ಕೇಳುತ್ತಿದ್ದಳು. ಪ್ರತಿಸಲವೂ ಅವನದು ಒಂದೇ ಉತ್ತರ, ಯಂತ್ರ ಸೋರುತ್ತಿದೆ. "ಅದನ್ನೇ ಕಟ್ಕೋಬೇಕಿತ್ತು ನೀವು" ಎಂದು ನಿನ್ನೆ ತಾನೇ ತಟ್ಟೆ ಕುಕ್ಕಿದ್ದಳು.

ಉಗ್ರಾಣದವನು, ಮಗಳನ್ನು ಗಂಡನ ಮನೆಗೆ ಕಳಿಸುವವನ ಮುಖ ಮಾಡಿಕೊಂಡು, ಮೂರು ಹೊಸ ಸೀಲು ಕೊಟ್ಟ. "ಇರೋದೇ ಮೂರು. ಕೂರಿಸಿದ್ದನ್ನ ಒಂದ್ಸಲ ಕಿತ್ರೆ ಮತ್ತೆ ಕೆಲಸಕ್ಕೆ ಬರಲ್ಲ, ನೆನಪಿರ್ಲಿ" ಎಂದು ತಾನೂ ಹಿಂದೆಯೇ ಬಂದ.

ಮೊದಲನೆಯದನ್ನು ಕೂರಿಸಿದ್ದಾಯಿತು. ಎಂಟು, ಒಂಬತ್ತು, ಹತ್ತು. ತೊಟ್ಟು ಬಿತ್ತು. ಸೀಲ್ ಬಿಚ್ಚಿ ಫಿಟ್ಟರ್ ಶಾಫ್ಟಿನ ಮೇಲೆ ಉಗುರು ಎಳೆದ. ಒಂದು ಕಡೆ ಉಗುರು ಸಿಕ್ಕಿಕೊಂಡಿತು. ರಬ್ಬರ್ ಉಜ್ಜಿ ಉಜ್ಜಿ ಅಲ್ಲಿ ಸುತ್ತಲೂ ಗೀರು ಬಿದ್ದಿತ್ತು.

"ಮೆತ್ತನೆ ರಬ್ಬರ್ ಕಬ್ಬಿಣಾನ ಸವೆಸಿದೆಯಲ್ಲೋ!" ಎಂದ ಉಗ್ರಾಣದವನು.

"ಅದ್ರಲ್ಲೇನು ಆಶ್ಚರ್ಯ?" ಎಂದಳು ಪಕ್ಕದ ಮೇಜಿನಲ್ಲಿ ಅಂಟು ಹಚ್ಚುತ್ತಿದ್ದ ಅಕ್ಕ. "ನಮ್ಮತ್ತೆ ಮೆತ್ತಗೆ ಮಾತಾಡ್ತಾನೇ ನನ್ನ ಸವೆಸಿಲ್ವಾ?"

"ತಿರುಗಿಸಿ ಹಾಕು," ಉಗ್ರಾಣದವನು ಹಟ ಹಿಡಿದ. "ಎಣ್ಣೆಗೆ ದಾರಿ ತಪ್ಪುತ್ತೆ."

ಎರಡನೆಯದನ್ನು ತಿರುಗಿಸಿ ಹಾಕಿದರು. ಎಣ್ಣೆಗೆ ದಾರಿ ತಪ್ಪಲಿಲ್ಲ. ಹೇಗಿದೆಯೆಂದು ನೋಡಲು ಬಂದ ಮೇಸ್ತ್ರಿಯ ಬಿಳಿ ಅಂಗಿಯ ಮೇಲೆ ಎಣ್ಣೆ ಚಿಮ್ಮಿ ಭುಜದಿಂದ ಸೊಂಟದವರೆಗೆ ಒಂದೇ ಗೆರೆ ಎಳೆದುಬಿಟ್ಟಿತು. ಮೇಸ್ತ್ರಿ ಗಡಿಯಾರ ನೋಡಿ ಹೊರಟುಹೋದರು. ಬೈದಿದ್ದರೇ ವಾಸಿಯಿತ್ತು.

ಉಳಿದದ್ದು ಒಂದು. ಫಿಟ್ಟರ್ ಅದನ್ನು ಅಂಗೈಯಲ್ಲಿಟ್ಟುಕೊಂಡು ಶಾಫ್ಟಿನ ಗೀರನ್ನೇ ನೋಡುತ್ತ ಕುಳಿತ.

"ಹಳೇ ಗೀರಿಗೇ ಯಾಕಪ್ಪಾ ತಂದು ಕೂರಿಸ್ತೀಯ?" ಎಂದಳು ಅಂಟಿನಕ್ಕ. "ಚಪ್ಪಲಿ ಕಚ್ಚಿದ್ರೆ ಪಟ್ಟಿ ಒಂಚೂರು ಪಕ್ಕಕ್ಕೆ ಸರಿಸಲ್ವಾ? ಹಾಗೇ ಸರಿಸು."

ಫಿಟ್ಟರ್ ಎದ್ದವನೇ ಅವಳ ಅಂಟಿನ ಡಬ್ಬದ ಮುಚ್ಚಳ ಕಿತ್ತುಕೊಂಡು, ಅದರ ತಗಡಿನಲ್ಲಿ ಬಳೆಯಂಥ ಉಂಗುರ ಕತ್ತರಿಸಿ, ಸೀಲಿನ ಹಿಂದೆ ಇಟ್ಟ. ಸೀಲ್ ಕೂದಲೆಳೆಯಷ್ಟು ಹೊರಗೆ ಬಂದು, ಅದರ ತುಟಿ ಸವೆಯದ ಕಬ್ಬಿಣದ ಮೇಲೆ ಕುಳಿತಿತು. ಯಂತ್ರ ಓಡಿತು. ಹತ್ತು. ನೂರು. ಇನ್ನೂರು. ಒಂದು ತೊಟ್ಟೂ ಇಲ್ಲ!

ಆ ಖುಷಿಗೆ ಅವನು ನೆಲ ತಿಕ್ಕಿದ. ಅಷ್ಟಕ್ಕೆ ನಿಲ್ಲಿಸದೆ ಚೈನನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಬೆಳ್ಳಿಯಂತೆ ಹೊಳೆಸಿದ.

ನಾಲ್ಕಕ್ಕೆ ಮೇಸ್ತ್ರಿ ಬಂದು ಚಪ್ಪಲಿ ಬಿಟ್ಟು ಹೆಬ್ಬೆರಳಿಂದ ನೆಲ ಉಜ್ಜಿ ನೋಡಿದರು. "ಭೇಷ್! ಹೋಗು, ನಾಳೆ ನಿಂಗೆ..."

ಕ್ರೀಈಈಚ್!

ಎಲ್ಲರೂ ಕಿವಿ ಮುಚ್ಚಿಕೊಂಡರು. ಕಿರುಚುತ್ತಿದ್ದದ್ದು ಚೈನು.

"ಈ ಚೈನಿಗೆ ಇಷ್ಟು ವರ್ಷ ಎಣ್ಣೆ ಹಾಕ್ತಿದ್ದೋರು ಯಾರು?" ಮೇಸ್ತ್ರಿ ಕೇಳಿದರು.

ಉಗ್ರಾಣದವನು ಫಿಟ್ಟರನನ್ನು ನೋಡಿದ. ಫಿಟ್ಟರ್ ಅಕ್ಕನನ್ನು ನೋಡಿದ. ಅಕ್ಕ ಚೈನಿನ ಮೇಲಿದ್ದ ಸೀಲನ್ನು ನೋಡಿದಳು.

"ಬಿಚ್ಚಿಬಿಡ್ಲಾ ಸಾರ್?" ಎಂದ ಫಿಟ್ಟರ್ ಸಣ್ಣ ದನಿಯಲ್ಲಿ.

"ಬೇರೆ ಸೀಲಿಲ್ಲ. ಬಿಚ್ಚಿದ್ರೆ ಸೋರಲ್ಲ, ಹರಿಯುತ್ತೆ," ಎಂದ ಉಗ್ರಾಣದವನು.

"ನಾಳೆ ಸಂಜೆಯೊಳಗೆ ಹತ್ತು ಸಾವಿರ ಡಬ್ಬ ಹೋಗ್ಬೇಕು," ಮೇಸ್ತ್ರಿ ತಲೆ ಕೆರೆದುಕೊಂಡರು. "ಎಣ್ಣೆ ಹೆಚ್ಚಾದ್ರೆ ಡಬ್ಬ ಹಾಳು, ಕಮ್ಮಿಯಾದ್ರೆ ಚೈನು ಹಾಳು. ಸರಿಯಾದ ಅಳತೆ ಗೊತ್ತಿರೋದು ಯಾರಿಗೆ?"

ಅಂಟಿನಕ್ಕ ಪಾಪ ಎಂದುಕೊಂಡು ತನ್ನ ಸ್ಟೂಲನ್ನೇ ತಂದಿಟ್ಟಳು. ಫಿಟ್ಟರ್ ಎಣ್ಣೆಕುಡಿಕೆ ಹಿಡಿದು, ಡಬ್ಬ ಎಣಿಸುತ್ತ ಚೈನಿನ ಪಕ್ಕ ಕುಳಿತ. ಕೆಳಗೆ ನೆಲ ಮಾತ್ರ ಕನ್ನಡಿಯಂತೆ ಹೊಳೆಯುತ್ತಿತ್ತು. ನೋಡಿದರೆ ಹೆಮ್ಮೆಯಾಗುತ್ತಿತ್ತು, ಅದನ್ನು ಇಲ್ಲವೆನ್ನಲಾಗದು.

ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಹೆಂಡತಿ.

"ನಾಳೆ ಹೋಗ್ತಿದ್ದೀವಿ ತಾನೇ?"

"ಆರು, ಏಳು... ಆಗಲ್ಲ ಕಣೇ."

"ಯಾಕೆ, ಅದಿನ್ನೂ ಸೋರ್ತಿದ್ಯಾ?"

"ಒಂಬತ್ತು, ಹತ್ತು. ಇಲ್ಲ," ಎಂದು ಅವನು ಒಂದು ತೊಟ್ಟು ಬಿಟ್ಟ. "ಅದು ನಿಂತ್ಹೋಯ್ತು. ಈಗ ನಾನು ಸೋರ್ತಿದ್ದೀನಿ."